ಹೊಸ ಬ್ರೇಕರ್, ಹಳೇ ವೈರು

ಜೂನ್ 3, ಬೆಳಿಗ್ಗೆ

ಮತ್ತೆ ಟಕ್ ಎಂದಿತು. ಹಾಲು ಅರ್ಧ ಕಾದಿತ್ತು, ಬೇಳೆ ಅರ್ಧ ಬೆಂದಿತ್ತು. ಎರಡು ಪ್ಲೇಟಿನ ಜೊತೆ ಓವನ್ ಹಚ್ಚಿದರೆ ಸಾಕು, ಬ್ರೇಕರ್ ಬಿದ್ದು ಕರೆಂಟು ಹೋಗುತ್ತದೆ. ಅಳಿಯ ತಂದ ಕರೆಂಟಿನ ಒಲೆ. ಕುಕ್ಕರ್ ಎನ್ನಬೇಕಂತೆ. ನಾಲ್ಕು ಪ್ಲೇಟು, ಹೊಟ್ಟೆಯೊಳಗೆ ಓವನ್, ಮೈತುಂಬ ಗಾಜು. ಗ್ಯಾಸ್ ಒಲೆ ಯಾರಿಗೋ ಕೊಟ್ಟುಬಿಟ್ಟ. ನನ್ನನ್ನು ಕೇಳಲಿಲ್ಲ. ಮಗಳ ಮನೆಯಲ್ಲಿ ಬಿದ್ದಿರುವವಳನ್ನು ಕೇಳುವುದೇನು...

ಜೂನ್ 4

ಎಲೆಕ್ಟ್ರಿಷಿಯನ್ ಬಂದಿದ್ದ. ಒಲೆಯ ಹಿಂದೆ ಬಗ್ಗಿ ನೋಡಿದ.

"ಏಳು ಕಿಲೋವ್ಯಾಟ್ ಒಲೆ ಸಾರ್. ಮೂವತ್ತು ಆಂಪ್ ಎಳೆಯುತ್ತೆ. ಗೋಡೇಲಿರೋದು ಎರಡೂವರೆ ಸ್ಕ್ವೇರಿನ ಸಣ್ಣ ವೈರು, ಇಪ್ಪತ್ತು ಆಂಪಿನ ಬ್ರೇಕರ್. ಬೀಳದೆ ಇನ್ನೇನ್ಮಾಡುತ್ತೆ? ಮೊದಲು ಆರು ಸ್ಕ್ವೇರಿನ ದಪ್ಪ ಕೇಬಲ್ ಎಳೀಬೇಕು. ಆಮೇಲೆ ಮೂವತ್ತೆರಡರ ಬ್ರೇಕರ್."

"ಗೋಡೆ ಒಡೀಬೇಕಾ?" — ಅಳಿಯ.

"ಗೋಡೆಯೊಳಗಿನ ಪೈಪು ಸಣ್ಣದು. ಒಡೀಲೇಬೇಕು."

ಹೊಸ ಪೇಂಟು. ಅಳಿಯ ದಿನಾ ಕೈ ಸವರಿ ನೋಡುವ ಗೋಡೆ. ಹೆಂಡತಿಯ ತಲೆ ಹಾಗೆ ಸವರಿದ್ದು ನಾನು ನೋಡಿಲ್ಲ.

"ಬರೀ ಬ್ರೇಕರ್ ದೊಡ್ಡದು ಹಾಕಿಬಿಡು."

"ಬ್ರೇಕರ್ ಇರೋದು ವೈರ್ ಕಾಯೋಕೆ ಸಾರ್. ಅದನ್ನ ದೊಡ್ಡದು ಮಾಡಿದ್ರೆ ವೈರು ಬೇಯ್ತಾ ಇದ್ರೂ ಅದು ಕಣ್ಣು ಮುಚ್ಕೊಂಡಿರುತ್ತೆ. ನಾನು ಹಾಕಲ್ಲ."

ಚೀಲ ಎತ್ತಿಕೊಂಡು ಹೊರಟ.

ಜೂನ್ 6, ಸಂಜೆ

ಅಳಿಯನೇ ಹಾಕಿದ. ಮೂವತ್ತೆರಡರದು. ಎಲ್ಲಾ ಪ್ಲೇಟು ಹಚ್ಚಿದರೂ ಬೀಳಲಿಲ್ಲ. ಮಗಳು ಚಪ್ಪಾಳೆ ತಟ್ಟಿದಳು. ವೈರು ಹಳೇದೇ ಅಲ್ಲವೇನಪ್ಪಾ, ಎಂದೆ.

"ಅತ್ತೆ, ನೀವು ಓದಿದ್ದು ಎಷ್ಟನೇ ಕ್ಲಾಸು?"

"ನಾಲ್ಕು. ಆ ಎಲೆಕ್ಟ್ರಿಷಿಯನ್ ಹೇಳಿದ್ದು ಕೇಳಿಸ್ಕೊಳ್ಳೋಕೆ ಅಷ್ಟು ಸಾಕಾಯ್ತು."

ಅಳಿಯ ಟಿವಿ ಹಚ್ಚಿ ಸದ್ದು ಜೋರು ಮಾಡಿದ.

ಜೂನ್ 15

ಅಡುಗೆಮನೆ ಗೋಡೆಯ ಈಚೆ ಬದಿಗೆ ನಮ್ಮ ಮಂಚ. ನಾನೂ ಮೊಮ್ಮಗಳೂ ಮಲಗುವುದು ಅಲ್ಲೇ. ಇವತ್ತು ಮರಿ ಗೋಡೆಗೆ ಕೆನ್ನೆ ಒತ್ತಿ, "ಅಜ್ಜೀ, ಗೋಡೆಗೆ ಜ್ವರ" ಎಂದಳು. ಮುಟ್ಟಿದೆ. ಬಿಸಿ. ಒಲೆಗೆ ಹೋಗುವ ವೈರು ಇಲ್ಲೇ ಒಳಗಿದೆ. ಮಂಚದ ಮೇಲುಗಡೆ ಅದರ ಜೋಡಣೆಯ ದುಂಡು ಡಬ್ಬಿ, ಮುಚ್ಚಳ ಹಳದಿಯಾಗಿದೆ. ಸುಟ್ಟ ವಾಸನೆ.

ಮಂಚ ಎಳೆದು ಆಚೆ ಗೋಡೆಗೆ ಹಾಕಿದೆ. ಸೊಂಟ ಹಿಡಿಯಿತು.

ಜೂನ್ 16

ಅಳಿಯನನ್ನು ಕರೆದು ಕೈ ಹಿಡಿದು ಗೋಡೆಗೆ ಒತ್ತಿಸಿದೆ. "ಬಿಸಿಲು" ಎಂದ. ಆ ಗೋಡೆ ಬಿಸಿಲು ಕಂಡೇ ಇಲ್ಲ. ಭಾನುವಾರ ಅವನ ಆಫೀಸಿನ ಸಾಹೇಬರ ಸಂಸಾರ ಊಟಕ್ಕೆ. ಓವನ್, ನಾಲ್ಕೂ ಪ್ಲೇಟು, ಬೆಳಗಿನಿಂದ. ಒಡೆದ ಗೋಡೆ ತೋರಿಸುವುದಕ್ಕಾಗುತ್ತದಾ ಅವರಿಗೆ?

ಮಗಳು ಹಿಂದೆಯೇ ಬಂದಳು. "ಅಮ್ಮಾ, ಸುಮ್ನಿರು. ಇನ್ನೊಂದ್ಸಲ ಬಾಯಿ ಹಾಕಿದ್ರೆ ನಿನ್ನ ಅಣ್ಣನ ಮನೆಗೆ ಬಿಟ್ಟು ಬರ್ತೀನಿ ಅಂದಿದ್ದಾರೆ. ಅವರ ಮನೆ ಇದು."

"ನಿಂದಲ್ವೇನೇ?"

ಅಡುಗೆಮನೆಗೆ ಹೋದಳು. ಈರುಳ್ಳಿ ಹೆಚ್ಚುತ್ತಿದ್ದಳು. ಕಣ್ಣೀರಿಗೆ ಒಳ್ಳೆಯ ನೆಪ.

ಜೂನ್ 19, ಭಾನುವಾರ

ಅಳಿಯ ಮರಿಯನ್ನು ಕರೆದುಕೊಂಡು ಐಸ್‌ಕ್ರೀಮ್ ತರಲು ಹೋದ. ಮೇನ್ ಆಫ್ ಮಾಡಿದೆ. ಫ್ಯಾನ್ ನಿಂತಿತು, ಫ್ರಿಜ್ಜಿನ ಗೊರಕೆ ನಿಂತಿತು. ಸ್ಟೂಲ್ ಹತ್ತಿ ಡಬ್ಬಿಯ ಮುಚ್ಚಳ ಬಿಚ್ಚಿದೆ, ಮುಟ್ಟಿದ ಕೂಡಲೇ ಬಿಸ್ಕತ್ತಿನ ಹಾಗೆ ಮುರಿಯಿತು. ಒಳಗೆ ವೈರಿನ ಮೈಯೆಲ್ಲ ಕರಕಲು. ದೊಡ್ಡ ಕತ್ತರಿ ಹಾಕಿ ಮೂರೂ ವೈರನ್ನು ಬುಡಕ್ಕೇ ಕತ್ತರಿಸಿದೆ, ಮತ್ತೆ ಜೋಡಿಸಲು ಬಾರದ ಹಾಗೆ. ಇನ್ನು ಗೋಡೆ ಒಡೆಯದೆ ಗತಿಯಿಲ್ಲ.

ಮಗಳು ಬಾಗಿಲಲ್ಲಿ. ಒಂದು ತುಂಡು ಕೈಗಿಟ್ಟೆ. ಉಗುರಿನಿಂದ ಕೆರೆದಳು, ಸಿಪ್ಪೆ ಉದುರಿತು. ಮಂಚವಿದ್ದ ಜಾಗ ನೋಡಿದಳು. ಅರ್ಥವಾಗಿದೆ ಅವಳಿಗೆ. ಚೆನ್ನಾಗಿ ಅರ್ಥವಾಗಿದೆ.

"ಅವರು ವಾಪಸ್ ಬಂದ್ರೆ ಏನ್ ಹೇಳ್ಲಿ ಈಗ?"

"ಅಮ್ಮನಿಗೆ ತಲೆ ಕೆಟ್ಟಿದೆ ಅನ್ನು."

ಕೋಪಕ್ಕೆ ಅಂದ ಮಾತು. ಹೂಂ ಎಂದಳು. ಒಂದು ಗಳಿಗೆಯೂ ಯೋಚಿಸಲಿಲ್ಲ...

ಅಣ್ಣನ ಮನೆಗೆಂದು ಬಟ್ಟೆ ಮಡಚಿಟ್ಟು ಕೂತಿದ್ದೇನೆ. ಮೆಟ್ಟಿಲ ಮೇಲೆ ಮರಿಯ ನಗು. ಮಗಳು ಬಾಗಿಲು ತೆಗೆದಳು. ವೈರಿನ ತುಂಡು ಅವಳ ಮುಷ್ಟಿಯಲ್ಲೇ ಇದೆ. ತೋರಿಸಬಹುದು. ಈಗಲೂ ತೋರಿಸಬಹುದು. "ರೀ, ಅಮ್ಮನಿಗೆ —"