ನಾನು ‘ಹೂಂ’ ಅಂದದ್ದು

ಜಮಖಂಡಿ
ರವಿವಾರ, ೯ ಮಾರ್ಚ್ ೨೦೨೫

ಸಿದ್ಧಿಯ ಅಪ್ಪಾಜಿಗೆ ಜೈ ಜಿನೇಂದ್ರ.

ಹೇಗಿದ್ದೀರಿ? ಕೆಮ್ಮು ಹೋಯಿತೋ ಇಲ್ಲವೋ? ಇಷ್ಟು ವರ್ಷ ಹಡಗಿನ ಮೇಲೆ ಉಪ್ಪುಗಾಳಿ ಕುಡಿದರೂ ಬಾರದ ಕೆಮ್ಮು, ತರಗತಿಯ ಬೋರ್ಡಿನ ಮುಂದೆ ನಾಲ್ಕು ತಿಂಗಳು ನಿಂತದ್ದಕ್ಕೆ ಬಂತಲ್ಲ ಎಂದು ಅತ್ತೆ ದಿನಾ ಅನ್ನುತ್ತಾರೆ. ಮೆಸ್ಸಿನವರಿಗೆ ಹೇಳಿ ಹೊತ್ತು ಮುಳುಗುವ ಮೊದಲೇ ಊಟ ಮಾಡುತ್ತೀರಲ್ಲ? ಹಡಗಿನಲ್ಲಿ ಅದು ಆಗದ ಮಾತು ಎಂದು ನಾವೂ ಸುಮ್ಮನಿದ್ದೆವು, ನೆಲದ ಮೇಲೆ ಆ ನೆಪ ನಡೆಯುವುದಿಲ್ಲ. ಇಲ್ಲಿ ಎಲ್ಲರೂ ಆರಾಮ. ಅತ್ತೆಯ ಮೊಣಕಾಲು ನೋವು ಇದ್ದೇ ಇದೆ, ಆದರೂ ಬಸದಿಗೆ ನಡೆದೇ ಹೋಗುತ್ತಾರೆ, ನಾನು ಸ್ಕೂಟಿ ತೆಗೆದರೆ ಸಿಟ್ಟಾಗುತ್ತಾರೆ. ಸಿದ್ಧಿಯ ಏಳನೆಯ ತರಗತಿ ಪರೀಕ್ಷೆ ಹತ್ತಿರ ಬಂದಿದೆ, ಓದುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಾಳೆ. ಕಬ್ಬಿನ ಹಂಗಾಮು ಮುಗಿಯುತ್ತ ಬಂದದ್ದರಿಂದ ಮುಧೋಳ ರಸ್ತೆಯಲ್ಲಿ ಟ್ರ್ಯಾಕ್ಟರುಗಳ ಹಾಡಿನ ಗದ್ದಲ ಕಡಿಮೆಯಾಗಿ, ಮಾತಾಡಿದ್ದು ಕಿವಿಗೆ ಬೀಳುವಂತಾಗಿದೆ.

ಗುರುವಾರ ಫೋನಿನಲ್ಲಿ ನೀವು ಬಹಳ ಮಾತಾಡಿದಿರಿ. ಹಡಗು ಬಿಟ್ಟು ಬಂದರಿನ ಊರಿನ ಈ ನಾವಿಕ ಕಾಲೇಜಿಗೆ ಉಪನ್ಯಾಸಕನಾಗಿ ಬಂದದ್ದೇ ತಪ್ಪಾಯಿತು, ಹುಡುಗರ ತಲೆಗೆ ಏನೂ ಹತ್ತುತ್ತಿಲ್ಲ, ಹಡಗಿನ ದೀಪಗಳ ಮೇಲೆ ಪರೀಕ್ಷೆ ಇಟ್ಟರೆ ತರಗತಿಗೆ ತರಗತಿಯೇ ತಪ್ಪು ಬರೆಯಿತು ಎಂದಿರಿ. ಅದರ ಮೇಲೆ ನಿಮ್ಮ ಪಾಠ ನೋಡಲು ಬಂದಿದ್ದ ಮೇಡಂ, ನಿಮಗಿಂತ ಎಷ್ಟೋ ಸಣ್ಣವರು, ‘ಕ್ಯಾಪ್ಟನ್ ಅವರು ಹೇಳುತ್ತಾರೆ, ಕೇಳುವುದಿಲ್ಲ’ ಎಂದು ವರದಿ ಬರೆದರು. ಅದು ನಿಮಗೆ ಸರಿಯಾಗಿ ಚುಚ್ಚಿದೆ. ಹಳೆಯ ಕಂಪನಿಯವರು ಮತ್ತೆ ಹಡಗು ಕೊಡುತ್ತೇವೆ, ಹದಿನೇಳನೇ ತಾರೀಖು ಸೋಮವಾರದೊಳಗೆ ತಿಳಿಸಿ ಅಂದಿದ್ದಾರಂತೆ. ಕೊನೆಗೆ ‘ಹೊಳ್ಳಿ ಹೋಗಿಬಿಡ್ತೇನಿ ಭಾಗ್ಯಾ, ನನ್ನ ಜಾಗಾ ಅಲ್ಲೇ ಐತಿ’ ಅಂದಿರಿ. ನಾನು ‘ಹೂಂ’ ಅಂದೆ. ‘ನೀನೂ ಹೂಂ ಅಂದಿ, ಅಂದಮ್ಯಾಲ ಆತು’ ಎಂದು ಫೋನ್ ಇಟ್ಟೇಬಿಟ್ಟಿರಿ. ಆಗಿಲ್ಲ. ಅದನ್ನು ಹೇಳುವುದಕ್ಕೇ ಈ ಪತ್ರ. ನಿಮ್ಮ ಎದುರು ನನಗೆ ಇಷ್ಟು ಮಾತು ಎಂದೂ ಬಂದಿಲ್ಲ. ಕಾಗದದ ಮೇಲಾದರೆ ನಡುವೆ ಬಾಯಿ ಹಾಕುವವರಿಲ್ಲ.

ನಮ್ಮ ಮನೆಯ ಹೂಂ ಎಂಥದ್ದು ಎಂಬುದು ನಿಮಗೆ ಗೊತ್ತಿಲ್ಲದ್ದೇನಲ್ಲ. ಅತ್ತೆ ಕಥೆ ಹೇಳುವಾಗ ಸಿದ್ಧಿ ಒಂದು ಗಳಿಗೆ ಸುಮ್ಮನಾದರೆ ‘ಹೂಂ ಅನ್ನ ಬೇ, ಇಲ್ಲಾಂದ್ರ ನಾ ಹೇಳೂದಿಲ್ಲ’ ಎಂದು ನಿಲ್ಲಿಸಿಬಿಡುತ್ತಾರೆ. ರಾಜ ಕಾಡಿಗೆ ಹೋದ, ಹೂಂ. ಹುಲಿ ಬಂತು, ಹೂಂ. ಹುಲಿ ರಾಜನ ಕುದುರೆ ತಿಂದಿತು, ಹೂಂ. ಕುದುರೆ ತಿಂದದ್ದಕ್ಕೆ ನಿಮ್ಮ ಮಗಳ ಒಪ್ಪಿಗೆ ಇದೆ ಎಂದು ಅರ್ಥವೇ? ನನ್ನ ಹೂಂ ಇನ್ನೂ ಹಳೆಯದು. ಮದುವೆಯಾದ ಹೊಸದರಲ್ಲಿ ನೀವು ಹಡಗಿನಿಂದ ಫೋನ್ ಮಾಡಿದಾಗ ಧ್ವನಿ ಬಂದು ಬಂದು ಹೋಗುತ್ತಿತ್ತು. ನಾನು ಸುಮ್ಮನೆ ಕೇಳುತ್ತ ಕೂತರೆ ಲೈನು ಕಟ್ಟಾಯಿತೆಂದು ‘ಹಲೋ, ಹಲೋ, ಅದೀಯೇನು?’ ಎಂದು ಒದರುತ್ತಿದ್ದಿರಿ. ಅಂದಿನಿಂದ ಪ್ರತಿ ಮಾತಿಗೂ ಹೂಂ ಅನ್ನುವ ರೂಢಿ ಬಿತ್ತು. ಲೈನು ಇದೆ, ನಾನಿದ್ದೇನೆ, ಮುಂದೆ ಹೇಳಿ ಎಂದಷ್ಟೇ ಅದರ ಅರ್ಥ. ಗುರುವಾರದ್ದೂ ಅದೇ. ಅದನ್ನು ಸಹಿ ಎಂದು ತಿಳಿದು ಹಡಗು ಹತ್ತಬೇಡಿ.

ಆಮೇಲೆ ಅಡುಗೆ ಮಾಡುತ್ತ ಯೋಚಿಸಿದೆ. ನಿಮ್ಮ ತರಗತಿಯಲ್ಲಿ ಆಗುತ್ತಿರುವುದೂ ಇದೇ ಇರಬೇಕು. ಹಡಗಿನಲ್ಲಿ ನೀವು ಒಂದು ಹುಕುಂ ಕೊಟ್ಟರೆ ಚುಕ್ಕಾಣಿ ಹಿಡಿದವನು ಅದೇ ಮಾತನ್ನು ತಿರುಗಿ ಹೇಳಬೇಕು, ಆಮೇಲೆ ಚಕ್ರ ತಿರುಗಿಸಬೇಕು ಎಂದು ನೀವೇ ಹೇಳಿದ್ದೀರಿ. ಅವನು ತಿರುಗಿ ಹೇಳಿದ ಅಂದರೆ ಅವನಿಗೆ ಮುಟ್ಟಿತು. ಆ ಪದ್ಧತಿಯನ್ನೇ ತರಗತಿಗೆ ತಂದಿದ್ದೀರಿ. ದೀಪಾವಳಿಗೆ ಬಂದಾಗ, ಕಾಲೇಜಿನವರ ಮುಂದೆ ಮಾಡಬೇಕಾಗಿದ್ದ ಮಾದರಿ ಪಾಠವನ್ನು ನಮ್ಮ ಪಡಸಾಲೆಯಲ್ಲಿ ಮಾಡಿ ತೋರಿಸಿದಿರಲ್ಲ, ಅತ್ತೆ, ಸಿದ್ಧಿ, ಪಕ್ಕದ ಮನೆಯ ಯಲ್ಲಕ್ಕ ಮೂವರನ್ನೂ ಸಾಲಾಗಿ ಕೂರಿಸಿ? ಹಡಗಿನ ಎಡಮಗ್ಗುಲಿಗೆ ಕೆಂಪು ದೀಪ, ಬಲಮಗ್ಗುಲಿಗೆ ಹಸಿರು. ತಿರುಗಿ ಹೇಳಿಸಿದಿರಿ, ಮೂವರೂ ಹೇಳಿದರು. ಯಲ್ಲಕ್ಕನಂತೂ ಕೈಮುಗಿದು ಹೇಳಿದಳು. ನೀವು ಖುಷಿಯಾಗಿ ಹೋದಿರಿ, ಆಯ್ಕೆಯೂ ಆಯಿತು. ಶುಕ್ರವಾರ ನಾನು ಅತ್ತೆಯನ್ನು ಕೇಳಿದೆ, ಕತ್ತಲಲ್ಲಿ ದೂರದ ಹಡಗಿನ ಕೆಂಪು ದೀಪವೊಂದೇ ಕಂಡರೆ ಅದು ಯಾವ ಕಡೆ ಹೊರಟಿದೆ ಎಂದು. ‘ಅದನ್ನ ಅವಾ ಎಲ್ಲಿ ಹೇಳ್ಯಾನ? ಕೆಂಪ ಎಡಕ, ಹಸರ ಬಲಕ ಅಂದಾನ ಅಷ್ಟ’ ಅಂದರು. ಬಾಯಿಪಾಠ ಮಾತ್ರ ಇನ್ನೂ ಗಟ್ಟಿಯಾಗಿದೆ ನೋಡಿ.

ನಗಬೇಡಿ, ಒಂದು ಕೆಲಸ ಮಾಡಿದೆ. ಎಡಗೈಗೆ ಕೆಂಪು ಬಳೆ, ಬಲಗೈಗೆ ಹಸಿರು ಬಳೆ ತುಂಬಿಕೊಂಡು, ಅತ್ತೆಯನ್ನು ಕಟ್ಟೆಯ ಮೇಲೆ ಕೂರಿಸಿ ಅಂಗಳದಲ್ಲಿ ಅಡ್ಡಡ್ಡ ನಡೆದೆ. ಏನು ಕಾಣುತ್ತದೆ ಎಂದು ಕೇಳಿದೆ, ಅಷ್ಟೇ. ಗೇಟಿನ ಕಡೆ ಹೊರಟಾಗ ಕೆಂಪು, ಹಿತ್ತಲ ಕಡೆ ತಿರುಗಿದಾಗ ಹಸಿರು. ಎರಡು ಸಲಕ್ಕೆ ಅವರೇ ‘ಕೆಂಪ ಕಂಡ್ರ ಗೇಟಿಗೆ ಹೊಂಟಾಳಂತ ತಿಳೀಬೇಕು’ ಅಂದರು. ನೆಟ್ಟಗೆ ಅವರ ಕಡೆಗೇ ನಡೆದರೆ ‘ಎರಡೂ ಕಾಣಾಕತ್ತಾವ, ಮೈಮ್ಯಾಲ ಬರಾಕತ್ತಾಳ ಇಕಿ, ಸರೀರಿ!’ ಎಂದು ಕಾಲು ಮೇಲೆ ತೆಗೆದುಕೊಂಡರು. ಯಲ್ಲಕ್ಕ ಗೋಡೆಯಾಚೆಯಿಂದ ನೋಡಿ, ಮೇಡಮ್ಮಗ ಏನರ ಹಿಡದೈತೇನು ಎಂದು ಕೇಳಿದಳಂತೆ. ಒಂದು ಪಾಠಕ್ಕೆ ಅಷ್ಟು ಮರ್ಯಾದೆ ಕಳೆದುಕೊಂಡರೆ ನಷ್ಟವಿಲ್ಲ. ನಿಮ್ಮಷ್ಟು ಹಡಗು ನನಗೆ ಗೊತ್ತಿಲ್ಲ. ನೀವು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಕೇಳುವವರಿಗೆ ಏನು ಕಾಣುತ್ತಿದೆ ಎಂಬುದನ್ನು ಮಾತ್ರ ಯಾರೂ ಕೇಳಿರಲಿಲ್ಲ, ಆ ಮೇಡಂ ಬರೆದದ್ದೂ ಅದನ್ನೇ.

ಬಿ.ಎಡ್. ಕಾಲೇಜಿನಲ್ಲಿ ನಾನು ಸಂಬಳ ತೆಗೆದುಕೊಳ್ಳುವುದೇ ಕೊನೆಯ ಬೆಂಚಿನಲ್ಲಿ ಕೂರುವುದಕ್ಕೆ. ಹುನ್ನೂರಿನದೋ ತುಬಚಿಯದೋ ಶಾಲೆಗೆ ಹೋಗಿ, ನಾಳೆ ಮಾಸ್ತರಾಗುವ ನಮ್ಮ ಹುಡುಗರು ಪಾಠ ಮಾಡುವುದನ್ನು ನೋಡಿ ತಿದ್ದುವುದು. ಪರಮಾನಂದ ಎಂಬುವನೊಬ್ಬನಿದ್ದ, ಮಾತಿಗೊಮ್ಮೆ ‘ತಿಳೀತಿಲ್ಲೋ?’ ಅನ್ನುವನು, ಮಕ್ಕಳು ‘ತಿಳೀತ್ರೀ’ ಎಂದು ಸೂರು ಹಾರುವಂತೆ ಕೂಗುವರು, ಅವನು ಎದೆಯುಬ್ಬಿಸಿ ಮುಂದೆ ಹೋಗುವನು. ಆ ಮಾತು ಬಾಯಿಂದ ಬರದಂತೆ ಒಂದು ಪಾಠ ಮಾಡು ಅಂದೆ. ಪಾಪ, ಹತ್ತು ಹನ್ನೆರಡು ಮಾತಾಡಿ ಗರಬಡಿದವನಂತೆ ನಿಂತುಬಿಟ್ಟ. ಹೊರಗೆ ಬಂದು ‘ಇದ ನನ್ನ ಕಡಿಂದ ಆಗೂದಿಲ್ರೀ ಮೇಡಂ, ಅಪ್ಪನ ಕೂಡ ಮಗ್ಗಕ್ಕ ಕುಂಡ್ರತೇನಿ’ ಎಂದು ಅತ್ತ. ಅವನು ರಬಕವಿಯ ನೇಕಾರರ ಮನೆಯವನು. ಬಿಡಲಿಲ್ಲ, ನಾನೂ ಬೆನ್ನು ಹತ್ತಿದೆ. ಕಲಿಸುವುದು ಕಲಿಯಲು ಅವನಿಗೆ ವರ್ಷ ಹಿಡಿಯಿತು. ಈಗ ಅವನ ತರಗತಿಯಲ್ಲಿ ಕೂತರೆ ನನಗೇ ಎದ್ದು ಬರಲು ಮನಸ್ಸಾಗುವುದಿಲ್ಲ. ನಿಮಗೆ ಕೆಲವು ದಿನಗಳ ತರಬೇತಿ ಕೊಟ್ಟು, ಕೈಗೆ ಚಾಕ್‌ಪೀಸು ಕೊಟ್ಟು ನಿಲ್ಲಿಸಿದ್ದಾರೆ. ನಾಲ್ಕೇ ತಿಂಗಳಿಗೆ ಬರಲಿಲ್ಲವೆಂದು ಮುನಿಸಿಕೊಂಡರೆ ಹೇಗೆ?

ಮುನಿಸಿನ ಮೂಲವೂ ನನಗೆ ಗೊತ್ತು. ಕ್ಯಾಪ್ಟನ್ ಸಾಹೇಬರಿಗೆ ಹತ್ತು ವರ್ಷದಿಂದ ಯಾರೂ ತಪ್ಪು ಎಂದು ಹೇಳಿಲ್ಲ. ಮನೆಗೆ ಬಂದಾಗ ನಾನು ಹೇಳಿದರೂ ರಜೆ ಮುಗಿಯುತ್ತದೆಂದು ನೀವು ಸಹಿಸಿಕೊಳ್ಳುತ್ತೀರಿ. ಆದರೆ ನೀವು ತೇರದಾಳದ ಕನ್ನಡ ಶಾಲೆ ಮುಗಿಸಿ ಮೊದಲ ಹಡಗು ಹತ್ತಿದಾಗಿನ ಮಾತು ನೆನಪಿದೆಯೇ? ಲಗ್ನವಾದ ವರ್ಷ ನೀವೇ ನಗುತ್ತ ಹೇಳಿದ್ದಿರಿ. ಚುಕ್ಕಾಣಿ ನಿಮ್ಮ ಕೈಯಲ್ಲಿತ್ತು. ‘ಸ್ಟಾರ್‌ಬೋರ್ಡ್’ ಎಂದು ಬಲಕ್ಕೆ ತಿರುಗಿಸಲು ಹುಕುಂ ಬಂತು. ನೀವೂ ಸ್ಟಾರ್‌ಬೋರ್ಡ್ ಎಂದು ಸ್ವಚ್ಛವಾಗಿ ತಿರುಗಿ ಹೇಳಿ, ಚಕ್ರವನ್ನು ಮಾತ್ರ ಎಡಕ್ಕೆ ತಿರುಗಿಸಿದಿರಿ. ಆ ಪಂಜಾಬಿ ಕ್ಯಾಪ್ಟನ್ ಓಡಿಬಂದು ಚಕ್ರ ಹಿಡಿದು ಸರಿಮಾಡಿದ. ಬೈಯಲಿಲ್ಲ. ಆಮೇಲೆ ‘ಊಟ ಮಾಡುವ ಕೈ ಯಾವುದು?’ ಎಂದು ಕೇಳಿದ. ನೀವು ಬಲಗೈ ಎತ್ತಿದಿರಿ. ಸ್ಟಾರ್‌ಬೋರ್ಡ್ ಅಂದರೆ ಊಟದ ಕೈ ಎಂದು ಅವನು ಹೇಳಿದ್ದು ನಿಮಗೆ ಮತ್ತೆಂದೂ ತಪ್ಪಲಿಲ್ಲ. ಸರಿಯಾಗಿ ತಿರುಗಿ ಹೇಳಿಯೂ ತಪ್ಪು ಮಾಡಿದ ಹುಡುಗ ನೀವೇ ಆಗಿದ್ದಿರಿ. ಇಂದು ಆ ಹುಡುಗರ ಮೇಲೆ ನಿಮಗೆ ಇಷ್ಟು ಸಿಟ್ಟು ಬರುವುದು ನನಗೆ ಸೋಜಿಗ.

ಶುಕ್ರವಾರ ಮಧ್ಯಾಹ್ನ ನಿಮ್ಮ ಪ್ರಾಂಶುಪಾಲರು ನನಗೆ ಫೋನ್ ಮಾಡಿದ್ದರು. ನಿಮಗೆ ಹೇಳಬೇಡಿ ಅಂದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಪಾಪ, ದೊಡ್ಡ ಮನುಷ್ಯರು, ಬಹಳ ನೊಂದು ಮಾತಾಡಿದರು. ಉಪನ್ಯಾಸಕರು ಬೇಕೆಂದು ಎಷ್ಟು ಸಲ ಜಾಹೀರಾತು ಕೊಟ್ಟರೂ ಜಾಗಗಳು ಖಾಲಿಯೇ ಇವೆಯಂತೆ. ‘ಸಮುದ್ರ ಗೊತ್ತಿರೋರಿಗೆ ಕಾಲೇಜು ಬೇಡ ಮೇಡಂ, ಕಾಲೇಜು ಬೇಕು ಅನ್ನೋರಿಗೆ ಸಮುದ್ರ ಗೊತ್ತಿಲ್ಲ’ ಅಂದರು. ಹಡಗಿನ ಸಂಬಳ ಬಿಟ್ಟು ಬಂದ ಒಬ್ಬಿಬ್ಬರೂ ವರ್ಷ ತುಂಬುವುದರೊಳಗೆ ನಿಮ್ಮ ಹಾಗೆಯೇ ಬೇಸತ್ತು ಹೊರಡುತ್ತಾರಂತೆ. ನಿಮ್ಮ ವಿಷಯ ಬಂದಾಗ ಒಂದು ಮಾತು ಹೇಳಿದರು. ಒಂದು ದಿನ ಕರೆಂಟು ಹೋಗಿ ಪರದೆಯ ಮೇಲೆ ಚಿತ್ರ ಬರದಿದ್ದಾಗ ನೀವು ಇದೇ ಊಟದ ಕೈಯ ಸಂಗತಿ ಹೇಳಿದಿರಂತೆ. ಪ್ರಾಂಶುಪಾಲರು ವರಾಂಡದಲ್ಲಿ ಹೋಗುತ್ತಿದ್ದವರು ಹಾಗೇ ನಿಂತರಂತೆ. ಗಂಟೆ ಹೊಡೆದರೂ ಒಬ್ಬ ಹುಡುಗನೂ ಏಳಲಿಲ್ಲವಂತೆ. ಅದನ್ನು ನೀವು ನನಗೆ ಹೇಳಲೇ ಇಲ್ಲ. ಅದು ಪಾಠವೇ ಅಲ್ಲ, ಹೊತ್ತು ಕಳೆಯಲು ಹೇಳಿದ್ದು ಎಂದುಕೊಂಡಿರಬೇಕು.

ನನ್ನ ಮನಸ್ಸು ಕೇಳಿದರೆ, ನೀವು ನೆಲದ ಮೇಲೇ ಇರಬೇಕು. ಹದಿನಾರು ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ಕೂತು ಉಂಡದ್ದು ಎಷ್ಟು ಸಲ ಎಂದು ಎಷ್ಟೋ ರಾತ್ರಿ ಎಣಿಸಿದ್ದೇನೆ. ಫೋನಿನಲ್ಲಿ ಇದು ಎಂದೂ ನನ್ನ ಬಾಯಿಂದ ಹೊರಡಲಿಲ್ಲ. ಹೊರಟವರ ಕಾಲಿಗೆ ತೊಡರಬಾರದು ಎಂದು ಸುಮ್ಮನಿರುತ್ತಿದ್ದೆ. ಹಾಗೆಂದು ನನಗಾಗಿ ಉಳಿಯಿರಿ ಎಂದು ಕೇಳುವವಳಲ್ಲ. ಸಮುದ್ರ ನಿಜವಾಗಿಯೂ ಕರೆಯುತ್ತಿದ್ದರೆ ಹೋಗಿ, ಎಂದಿನಂತೆ ಚಕ್ಕುಲಿ ಡಬ್ಬಿ ತುಂಬಿ ಕಳಿಸುತ್ತೇನೆ. ನಾಚಿಕೆಯಾಯಿತೆಂದು ಮಾತ್ರ ಹೋಗಬೇಡಿ. ನಾಚಿಕೆ ಹಡಗಿನ ಮೇಲೂ ನಿಮ್ಮ ಜೊತೆಗೇ ಬರುತ್ತದೆ, ಅಲ್ಲಿ ಇಳಿದು ಹೋಗಲು ಜಾಗವೂ ಇರುವುದಿಲ್ಲ. ಆ ಸೋಮವಾರದವರೆಗೆ ಇನ್ನೂ ನಾಲ್ಕಾರು ತರಗತಿ ಇರಬಹುದು. ಒಂದರಲ್ಲಾದರೂ ತಿರುಗಿ ಹೇಳಿಸಬೇಡಿ, ಏನು ಕಾಣುತ್ತದೆ ಎಂದು ಕೇಳಿ ನೋಡಿ. ಹುಡುಗರು ತಪ್ಪು ಹೇಳಿದರೆ ಸಿಟ್ಟಾಗದೆ ಇನ್ನೊಮ್ಮೆ ಕೇಳಿ. ಆಮೇಲೆ ಕಂಪನಿಗೆ ಏನು ಹೇಳಬೇಕೋ ಹೇಳಿ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಕೆಮ್ಮಿಗೆ ಜ್ಯೇಷ್ಠಮಧು ಬಾಯಲ್ಲಿಟ್ಟುಕೊಳ್ಳಬೇಕಂತೆ, ಪೊಟ್ಟಣ ಇದರ ಜೊತೆಗಿದೆ. ಸಿದ್ಧಿ ಹಡಗಿನ ಚಿತ್ರ ಬರೆದು ಇಟ್ಟಿದ್ದಾಳೆ, ದೀಪದ ಬಣ್ಣ ಸರಿಯಾಗಿದೆಯೇ ನೋಡಿ ತಿಳಿಸಬೇಕಂತೆ. ಬಿಸಿಲಿಗೆ ಬಹಳ ತಿರುಗಬೇಡಿ, ನೀರು ಕುಡಿಯಿರಿ. ಜಿನೇಶ್ವರನು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಎಂದೆಂದಿಗೂ ನಿಮ್ಮವಳು,
ಭಾಗ್ಯಾ

ತಾ.ಕ.: ಪಾಕೀಟು ಅಂಟಿಸುವ ಮೊದಲು ಬರೆಯುತ್ತಿದ್ದೇನೆ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನನ್ನ ಕೆಲಸ ಏನೆಂದು ನಿಮ್ಮಿಂದಲೇ ತಿಳಿದಿದ್ದ ಪ್ರಾಂಶುಪಾಲರು ಶುಕ್ರವಾರ ಇನ್ನೂ ಒಂದು ಮಾತು ಕೇಳಿದ್ದರು. ಹಡಗಿನಿಂದ ಬಂದ ಉಪನ್ಯಾಸಕರಿಗೆಲ್ಲ ಪಾಠ ಮಾಡುವುದನ್ನು ಕಲಿಸಲು ಒಬ್ಬರು ಬೇಕು, ‘ನೀವು ಬರುತ್ತೀರಾ ಮೇಡಂ?’ ಎಂದು. ನಿನ್ನೆ ಸಂಜೆ ಬರುತ್ತೇನೆ ಎಂದು ಹೇಳಿದೆ. ನಮ್ಮ ಕಾಲೇಜಿನವರು ವರ್ಷದ ರಜೆ ಕೊಡಲು ಒಪ್ಪಿದ್ದಾರೆ. ಅತ್ತೆಯನ್ನು ಕೇಳಿದರೆ ‘ಮಗಾ ಇಷ್ಟ ವರ್ಷ ಅದರ ಮ್ಯಾಲೇ ಅದಾನ, ನಾ ಒಮ್ಮಿನೂ ಸಮುದ್ರ ನೋಡಿಲ್ಲ, ನಡೀರಿ’ ಅಂದರು. ಜೂನಿಗೆ ಮೂವರೂ ಅಲ್ಲಿಗೆ ಬರುತ್ತೇವೆ, ಸಿದ್ಧಿಗೆ ಶಾಲೆ ನೋಡಿಡಿ. ನೀವು ಉಳಿದರೆ ನಿಮ್ಮ ಪಾಠ ನೋಡಲು ಬರುವವಳು ನಾನೇ, ವರದಿಯಲ್ಲಿ ಮುಲಾಜು ಇರುವುದಿಲ್ಲ. ಹಡಗು ಹತ್ತಿದರೆ, ರಜೆಗೆ ಬರುವಾಗ ಜಮಖಂಡಿಗೆ ಟಿಕೆಟು ತೆಗೆಸಬೇಡಿ. ಬಂದರಿನಲ್ಲಿ ಇಳಿದರೆ ಸಾಕು, ಮನೆ ಅಲ್ಲೇ ಇರುತ್ತದೆ.