ಹೊಂಗೆ ಮರದ ಜವಳ

ನವೆಂಬರ್ 3, ಭಾನುವಾರ

ಇಂಟರ್ನಲ್ಸ್ ಪೇಪರ್ ತಿದ್ದಲು ಇನ್ನೂ ಅರ್ಧ ಉಳಿದಿವೆ. ದೀಪಾವಳಿಗೆ ಅಂತ ಅತ್ತೆಯ ಊರು ಸಾರಥಿಗೆ ಹೋಗಿ ಈಗ ಬಂದೆ. ಒಬ್ಬಳೇ. ಇವರು ಎಂದಿನಂತೆ ಮಂಡಿಪೇಟೆ ಅಂಗಡಿಯ ನೆವ ಹೇಳಿದರು.

ನಮ್ಮ ಮಗ ಸಿದ್ದುವನ್ನು ಹೊಲದಲ್ಲಿ ಮಣ್ಣು ಮಾಡಿದ ಜಾಗದಲ್ಲಿ ನೆಟ್ಟ ಹೊಂಗೆ ಈಗ ನನಗಿಂತ ಎತ್ತರ. ಕವಲಿನಲ್ಲಿ ಲೈಕೆನ್. ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದ್ದೇ. ಆದರೆ ಚಪ್ಪಟೆಯಲ್ಲ, ಪುಟ್ಟ ಪೊದೆ. ಬೂದಿ ಹಸಿರು, ಎಳೆ ಎಳೆ, ಬುಡ ಒಂದೇ ಕಡೆ ಅಂಟಿದೆ. ಹೊಳೆ ಕಡೆಯ ಮುಖಕ್ಕೆ ಮಾತ್ರ. ತಂಪಿರುವ ಬೆಟ್ಟದ ಮರಗಳಲ್ಲಿ ನೋಡಿದ್ದೆ. ಈ ಬಯಲಿನಲ್ಲಿ ಅದಕ್ಕೇನು ಕೆಲಸ?

ಅತ್ತೆ ಅದನ್ನು ಸವರುತ್ತ ನಿಂತಿದ್ದರು.

"ಜವಳ ಆಗದ ಕೂದ್ಲು ಕಣವ್ವ ಇದು. ಕೇಳಾಕ ಬಂದೈತೆ ಕೂಸು."

ಜವಳಕ್ಕೆ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಜ್ವರ. ಒಂಬತ್ತು ವರ್ಷವಾಯಿತು. ಈಗ ಅದನ್ನು ಕತ್ತರಿಸಿ ಹರಿಹರದಲ್ಲಿ ಹೊಳೆಗೆ ಬಿಡಬೇಕಂತೆ. ಮುಟ್ಟಬೇಡಿ ಎಂದು ಕಟುವಾಗಿಯೇ ಹೇಳಿದೆ. ಪಾಠ ಬೇರೆ ಮಾಡಿದೆ — ಇದಕ್ಕೆ ಬೇರಿಲ್ಲ, ಮರದಿಂದ ಏನೂ ಹೀರುವುದಿಲ್ಲ, ಗಾಳಿ ಇಬ್ಬನಿಯಲ್ಲೇ ಬದುಕುತ್ತದೆ. ಕೊನೆಗೆ ಅವನೂ ಏನೂ ತಿನ್ನುತ್ತಿರಲಿಲ್ಲ ಎಂದರು ಅತ್ತೆ.

ನವೆಂಬರ್ 5

ಲ್ಯಾಬ್. ಒಂದು ಚಿಕ್ಕ ಗೊಂಚಲು ಕಿತ್ತು ತಂದಿದ್ದೆ. ಒಣಗಿ ಮುರಿಯುವಂತಿತ್ತು. ನೀರು ಹನಿಸಿದೆ. ಮೆತ್ತಗಾಗಿ ಹಸಿರಾಯಿತು. ಸ್ಲೈಡ್ ಮಾಡಬೇಕಿತ್ತು...

ಅಟೆಂಡರ್ ಗೋಣೆಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಆಗ ಗೊತ್ತಾಯಿತು. ಸೂಜಿಯಿಂದ ಬಾಚುತ್ತ ಕೂತಿದ್ದೆ. ಬೈತಲೆ ತೆಗೆದು. ನನಗೆ ನನ್ನದೇ ಭಯ.

ನವೆಂಬರ್ 24

ಪ್ರತಿ ಭಾನುವಾರ ಸಾರಥಿ. ಬರೆಯಲು ಮನಸ್ಸಿಲ್ಲ.

ಈ ಜಾತಿ ವರ್ಷಕ್ಕೆ ಬೆಳೆದರೆ ಅಕ್ಕಿಕಾಳಿನಷ್ಟು. ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ — ಎಷ್ಟೋ ಉದ್ದವಾಗಿದೆ. ಆ್ಯಂಗಲ್ ಬೇರೆ ಇರಬಹುದು. ಇರಬೇಕು. ಇವರಿಗೆ ತೋರಿಸಿದೆ. ಒಂಬತ್ತು ವರ್ಷ ಮಗನ ಹೆಸರೆತ್ತದ ಮನುಷ್ಯ. ಬಹಳ ಹೊತ್ತು ನೋಡಿ ಫೋನ್ ಬೋರಲು ಹಾಕಿದರು.

"ಕೂದ್ಲು ಕಣ್ಣಿಗೆ ಬೀಳ್ತಿರಬೇಕು ಅವನಿಗೆ."

ಅದು ಹೋದರೆ ಅವನದು ಅಂತ ಏನೂ ಉಳಿಯುವುದಿಲ್ಲ. ನನಗೆ ಅದು ಬೇಕು. ಆದರೂ ನನ್ನ ತಮ್ಮ ಕೊಟ್ರೇಶನಿಗೆ ಫೋನ್ ಮಾಡಿದೆ. ಜವಳದಲ್ಲಿ ಮೊದಲ ಕತ್ತರಿ ಸೋದರಮಾವನದೇ.

ಡಿಸೆಂಬರ್ 8, ಭಾನುವಾರ

ಧನುರ್ಮಾಸ ಬರುವುದರೊಳಗೆ ಮುಗಿಯಲಿ ಎಂದು ಇವತ್ತೇ.

ಅತ್ತೆ ಆರತಿ ತಟ್ಟೆ ಹಿಡಿದು ನಿಂತರು. ಕೊಟ್ರೇಶ್ ಹೊಸ ಕತ್ತರಿ ತಂದಿದ್ದ. ಇವರೂ ಬಂದರು, ಮಣ್ಣು ಮಾಡಿದ ಮೇಲೆ ಇದೇ ಮೊದಲು. ಯಾರೂ ಹೇಳದೆಯೇ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಕೂಸನ್ನು ತೊಡೆಯ ಮೇಲೆ ಹಿಡಿದು ಕೂರುವ ಹಾಗೆ ಎರಡೂ ಕೈಯಿಂದ ಕಾಂಡವನ್ನು ತಬ್ಬಿದರು.

"ಅಲುಗಬ್ಯಾಡ ಮರಿ. ಆಗೋತು, ಆಗೋತು."

ನಾನು ಸೆರಗು ಒಡ್ಡಿದೆ. ಗಾಳಿ ಇರಲಿಲ್ಲ. ಹೊಲದಲ್ಲಿ ಒಂದು ಎಲೆಯೂ ಆಡುತ್ತಿರಲಿಲ್ಲ. ಕೊಟ್ರೇಶ್ ಕತ್ತರಿ ತಾಗಿಸಿದ. ಇವರ ತೋಳಿನೊಳಗೆ ಮರ ಕೊಸರಾಡಿತು.