ತಿರುಗಿ ಬಂದ ಎಡೆ

ಅತ್ತೆಮ್ಮ,

ರಾಯದುರ್ಗದ ಮನೆಯಿಂದ ನಿಮ್ಮ ಸೊಸೆ ಕೈಮುಗಿದು ಬರೆಯುತ್ತಿದ್ದೇನೆ. ನಿಮ್ಮ ಹೆಸರು ಹೇಳಿ ಒಂದು ಸುಳ್ಳಾಡಿದ್ದೇನೆ. ಬರೆಯಲಿಕ್ಕೂ ನಾಚಿಕೆ.

ಪಲ್ಲವಿ ಡಾಕ್ಟರ್ ಓದಲು ರಷ್ಯಾಕ್ಕೆ ಹೊರಟ ದಿನ ನೆನಪಿದೆಯೇ? ನಾನು ಬಾಗಿಲಲ್ಲಿ ಕೂತು ಅಳುತ್ತಿದ್ದೆ. ನೀವು ಮೊಮ್ಮಗಳನ್ನು ಕೇಳಿದ್ದು ಒಂದೇ, ಆ ಊರಲ್ಲಿ ಹೊಳೆ ಇದೆಯಾ ಅಂತ. ಇದೆ ಅಂದಳು. "ಹರಿಯೋ ನೀರಿನ ಊರಿಗೆ ಹೊಂಟಾಳ, ಯಾಕ ಅಳ್ತಿ? ಕಳ್ಸು," ಅಂದಿರಿ. ನಮ್ಮ ಬತ್ತಿದ ಹಗರಿ ಹೊಳೆಯ ಮರಳು ನೋಡಿ ನೋಡಿ ಸಾಕಾದವರು ನೀವು.

ಆಚೆಮೊನ್ನೆ ನೀವು ತೀರಿಹೋಗಿ ವರ್ಷ ತುಂಬಿದ ದಿನ. ಮಾಳಿಗೆಯ ಮೇಲೆ ಎಡೆ ಇಟ್ಟು ಈಚೆ ಬರುವಷ್ಟರಲ್ಲೇ ಕಾಗೆ ತಿಂದು ಹೋಯಿತು. ಅಲ್ಲಿಗೆ ಮುಗಿಯಬೇಕಿತ್ತಲ್ಲವೇ? ಅಷ್ಟರಲ್ಲಿ ಪಲ್ಲವಿ ವಿಡಿಯೋ ಕಾಲ್ ಮಾಡಿದಳು. ಕಾಗದದ ತಟ್ಟೆಯಲ್ಲಿ ಅನ್ನ, ಬೆಲ್ಲ ಇಟ್ಟು ನಿಮ್ಮ ಹೆಸರಲ್ಲಿ ಆ ಊರಿನ ವೋಲ್ಖೋವ್ ಹೊಳೆಗೆ ಬಿಟ್ಟಳು. ತಟ್ಟೆ ಮುಂದಕ್ಕೆ ಹೋಗದೆ ಹಿಂದಕ್ಕೆ, ಹೊಳೆ ಹುಟ್ಟುವ ಕೆರೆಯ ಕಡೆಗೇ ತೇಲಿತು.

ಕಾಗೆ ಎಡೆ ಮುಟ್ಟದಿದ್ದರೆ, ಸತ್ತವರ ಆಸೆ ತೀರಿಸುತ್ತೇವೆಂದು ಕೂಗಿ ಹೇಳುವುದನ್ನು ನಿಮ್ಮಿಂದಲೇ ಕಲಿತವಳು ನಾನು. ಫೋನಿನ ಮುಂದೆ ಹಾಗೇ ಕೈಮುಗಿದುಬಿಟ್ಟೆ. "ಸಿಟ್ಟಾಗಬ್ಯಾಡ್ರಿ ಅತ್ತೆಮ್ಮ, ಈ ವರ್ಷಾನ ಇಕಿ ಮದುವಿ ಮಾಡ್ತೀವ್ರಿ." ಅಜ್ಜಿ ಯಾವಾಗ ಹಾಗಂದಳು ಅಂತ ಮಗಳು ಕೇಳಿದಳು. ಕೊನೆಗಾಲದಲ್ಲಿ ನನ್ನ ಕಿವಿಯಲ್ಲಿ ಹೇಳಿದರು ಅಂದೆ. ನೀವು ಕೊನೆಗೆ ಕೇಳಿದ್ದು ಒಂದು ಗುಟುಕು ಮಜ್ಜಿಗೆ! ಮಡಕಶಿರದಿಂದ ಅವಳಿಗೆ ಬಂದಿದ್ದ ಗಂಡಿನ ಸಂಬಂಧದ ಆಸೆ ನನ್ನದು. ಅವರಿಗೋ, ಓದು ಬಿಟ್ಟು ಈಗಲೇ ಬರುವ ಹುಡುಗಿ ಬೇಕು. ಆ ಸಂಜೆಯೇ ಅವರಿಗೂ ಇದೇ ಸುಳ್ಳು ಹೇಳಿದೆ.

ಮರುದಿನ ಪಲ್ಲವಿ ಫೋನಿನಲ್ಲಿ ಅಪ್ಪನಿಗೆ ಹೊಳೆಯ ವಿಷಯ ಬಿಡಿಸಿ ಹೇಳುತ್ತಿದ್ದುದನ್ನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ. ಅಲ್ಲಿನ ನೆಲ ಮಣೆಯಷ್ಟು ಸಪಾಟಂತೆ. ಇಲ್ಮೆನ್ ಕೆರೆಯಿಂದ ಉತ್ತರಕ್ಕೆ, ಲಡೋಗಾ ಅನ್ನುವ ಇನ್ನೂ ದೊಡ್ಡ ಕೆರೆಗೆ ಹರಿಯುವ ಹೊಳೆ ಅದು. ಇಳಿಜಾರೇ ಇಲ್ಲವೆನ್ನಬೇಕು. ಇಲ್ಮೆನ್‌ನಲ್ಲಿ ನೀರು ಕಡಿಮೆಯಿದ್ದು, ಹಿಮ ಕರಗಿ ಹೊಳೆಗೆ ಕೆಳಗಡೆ ಸೇರುವ ಹಳ್ಳಗಳು ತುಂಬಿ ಬಂದರೆ ಹೊಳೆ ಒಮ್ಮೊಮ್ಮೆ ಹಿಂದಕ್ಕೆ ತಿರುಗುತ್ತದಂತೆ. ಅದು ಅಜ್ಜಿಯ ಸಿಟ್ಟಲ್ಲ ಅಂದಳು. ಆಮೇಲೆ ಏನಂದಳು ಗೊತ್ತೇ? "ಆದ್ರೂ ಅಜ್ಜಿ ಆಸೆ ಅಂದಮ್ಯಾಲ ಬರ್ತೀನಪ್ಪ. ಟಿಕೆಟ್ ನೋಡ್ತೀನಿ." ಹೊಳೆಗೆ ಹೆದರದ ಹುಡುಗಿ ನನ್ನ ಸುಳ್ಳಿಗೆ...

ನಿನ್ನೆ ಮಡಕಶಿರದವರು ಬಂದರು. ಹಿರಿಯರ ಆಸೆಯನ್ನು ಮುಂದೂಡಬಾರದು ಅಂದರು ಹುಡುಗನ ತಾಯಿ. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಚಹಾದ ತಟ್ಟೆ ಕೆಳಗಿಟ್ಟು ಹೇಳಿದೆ: "ನಮ್ಮತ್ತಿ ಹಂಗ ಅಂದಿಲ್ರಿ. ನಾನ ಕಟ್ಟಿ ಹೇಳಿದ್ದು." ಅವರು ಚಹಾ ಮುಟ್ಟದೆ ಎದ್ದರು. ನಿಮ್ಮ ಮಗ ಇನ್ನೂ ನನ್ನ ಮುಖ ನೋಡಿಲ್ಲ.

ಪಲ್ಲವಿಗೆ ನಾನೇ ಹೇಳುತ್ತೇನೆಂದು ನಿಮ್ಮ ಮಗನನ್ನು ತಡೆದಿದ್ದೇನೆ. ನಿಮಗೆ ಹೇಳದೆ ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಇದನ್ನು ಮಡಿಚಿಟ್ಟು ಈಗಲೇ ಫೋನ್ ಮಾಡುತ್ತೇನೆ. ಇನ್ನು ನನ್ನ ಯಾವ ಮಾತನ್ನೂ ಅವಳು ನಂಬಲಿಕ್ಕಿಲ್ಲ. ನಂಬದಿದ್ದರೆ ಬೇಡ ಅತ್ತೆಮ್ಮ, ಓದಲಿ.